ಸ್ಟೋರೇಜ್ ಏಳುವ ಮೊದಲೇ ಎದ್ದ ಸರ್ವಿಸ್: ಮಂಡ್ಯದ ಕಚೇರಿಯೊಂದರ ಎನ್‌ಎಫ್‌ಎಸ್ ಬೂಟ್ ಸರಿಪಡಿಸಿದ ಬಗೆ

ಸರ್ವರ್ ಬೂಟ್ ಆಗಿದೆ, ಪಿಂಗ್‌ಗೆ ಉತ್ತರ ಬರುತ್ತಿದೆ, ಸರ್ವಿಸ್‌ನ ಸ್ಟೇಟಸ್ ಹಸಿರು ಅಕ್ಷರದಲ್ಲಿ ‘ಆಕ್ಟಿವ್’ ಎನ್ನುತ್ತಿದೆ. ಆದರೂ ಬೆಳಿಗ್ಗೆ ಕಚೇರಿಯಿಂದ ಫೋನ್ ಬರುತ್ತದೆ: “ಸಾರ್, ಹಳೇ ಫೈಲು ಒಂದೂ ಕಾಣ್ತಾ ಇಲ್ಲ. ಹೊಸಾದು ಸೇವ್ ಮಾಡಿದ್ರೆ ಮಾತ್ರ ಆಯ್ತದೆ.” ಆ ಎರಡನೇ ಮಾತಿನಲ್ಲೇ ಉತ್ತರವಿದೆ. ಎನ್‌ಎಫ್‌ಎಸ್ (ಬೇರೆ ಮಿಷನ್‌ನ ಡಿಸ್ಕ್ ಜಾಗವನ್ನು ನೆಟ್‌ವರ್ಕ್ ಮೂಲಕ ಬಳಸುವ ವ್ಯವಸ್ಥೆ) ಮೌಂಟ್ ಆಗಿಲ್ಲ, ಅಂದರೆ ಆ ಜಾಗ ಸರ್ವರ್‌ನ ಡೈರೆಕ್ಟರಿಗೆ ಜೋಡಣೆಯಾಗಿಲ್ಲ. ಅದು ಬಂದು ಕೂರಬೇಕಿದ್ದ ಖಾಲಿ ಡೈರೆಕ್ಟರಿಯನ್ನೇ ನಿಜವಾದ ಜಾಗವೆಂದು ತಿಳಿದು ಅಪ್ಲಿಕೇಶನ್ ಸರ್ವರ್‌ನ ಒಳಡಿಸ್ಕ್‌ಗೆ ಬರೆಯುತ್ತಿದೆ. ಸರ್ವಿಸ್ ಏಳದೇ ಬಿದ್ದಿದ್ದರೆ ಇದಕ್ಕಿಂತ ಎಷ್ಟೋ ವಾಸಿ ಇತ್ತು.

ಮಂಡ್ಯದ ಒಂದು ಕಚೇರಿಯಲ್ಲಿ ಇದನ್ನು ಬುಡದಿಂದ ಸರಿಪಡಿಸಿದ ಕ್ರಮ ಇಲ್ಲಿದೆ. ಅಲ್ಲಿರುವುದು ಡೆಬಿಯನ್ 12 ಓಡುವ ಒಂದು ಟವರ್ ಸರ್ವರ್, ನಾಲ್ಕು ಡಿಸ್ಕ್‌ನ ಒಂದು ನ್ಯಾಸ್ (ನೆಟ್‌ವರ್ಕ್ ಮೂಲಕ ಡಿಸ್ಕ್ ಜಾಗ ಕೊಡುವ ಪೆಟ್ಟಿಗೆ), ನಡುವೆ ಮ್ಯಾನೇಜ್ಡ್ ಸ್ವಿಚ್, ಮೂರಕ್ಕೂ ಸೇರಿ ಒಂದು ಯುಪಿಎಸ್. ಡೇಟಾಬೇಸ್ ಸರ್ವರ್‌ನ ಒಳಡಿಸ್ಕ್‌ನಲ್ಲಿದೆ. ಸ್ಕ್ಯಾನ್ ಮಾಡಿದ ಕಡತಗಳೆಲ್ಲ ನ್ಯಾಸ್‌ನಲ್ಲಿ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಗೆ ಸಂಜೆ ಕರೆಂಟ್ ಹೋಗಿ, ಯುಪಿಎಸ್ ಬರಿದಾಗಿ, ನಡುರಾತ್ರಿ ಕರೆಂಟ್ ಬಂದರೆ ಮೂರೂ ಒಟ್ಟಿಗೆ ಆನ್ ಆಗುತ್ತವೆ. ಸರ್ವರ್ ಒಂದು ನಿಮಿಷದೊಳಗೆ ಎದ್ದು ನಿಲ್ಲುತ್ತದೆ. ನ್ಯಾಸ್‌ಗೆ ರೇಡ್ (ಹಲವು ಡಿಸ್ಕ್ ಸೇರಿಸಿ ಒಂದಾಗಿಸುವ ಕ್ರಮ) ಜೋಡಿಸಿಕೊಂಡು, ಫೈಲ್‌ಸಿಸ್ಟಮ್ ಪರೀಕ್ಷಿಸಿ, ಎನ್‌ಎಫ್‌ಎಸ್ ಕೊಡಲು ನಾಲ್ಕು ನಿಮಿಷದ ಮೇಲೆ ಬೇಕು. ತೊಂದರೆಯೆಲ್ಲ ಈ ನಡುವಿನ ಸಮಯದ್ದು.

ಮೊದಲು ಮೌಂಟ್ ಮಾಡಬೇಡಿ

ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ಪಟ್ಟಿಯಲ್ಲಿರುವುದನ್ನೆಲ್ಲ ಮೌಂಟ್ ಮಾಡುವ ‘ಮೌಂಟ್ -ಎ’ ಕಡೆ ಓಡುತ್ತದೆ. ಅದನ್ನು ಕೊಟ್ಟ ತಕ್ಷಣ ಹಳೆಯ ಕಡತಗಳು ಕಾಣಿಸುತ್ತವೆ, ಬೆಳಿಗ್ಗೆಯಿಂದ ಉಳಿಸಿದ ಹೊಸ ಕಡತಗಳು ಮಾಯವಾಗುತ್ತವೆ. ಅವು ಅಳಿದಿಲ್ಲ, ಮೌಂಟ್‌ನ ಅಡಿಯಲ್ಲಿ ಮುಚ್ಚಿಹೋಗಿವೆ ಅಷ್ಟೆ. ಆದರೆ ಅಡಿಯಲ್ಲಿ ಏನಿದೆ ಎಂದು ಯಾರೂ ನೋಡದೆ ತಿಂಗಳುಗಟ್ಟಲೆ ಅಲ್ಲೇ ಉಳಿಯುವುದುಂಟು. ರೂಟ್ ಡಿಸ್ಕ್ ಯಾಕೆ ತುಂಬಿತು ಎಂದು ಹುಡುಕುವಾಗ ‘ಡಿಯು’ ಕಮಾಂಡ್‌ನ ಲೆಕ್ಕಕ್ಕೂ ಸಿಗುವುದಿಲ್ಲ.

ಹಾಗಾಗಿ ಮೊದಲು ಸರ್ವಿಸ್ ನಿಲ್ಲಿಸಿದೆವು. ಆಮೇಲೆ ‘ಫೈಂಡ್‌ಎಮ್‌ಎನ್‌ಟಿ -ಟಿ’ ಕೊಟ್ಟು ಮುಂದೆ ಕಡತಗಳ ಡೈರೆಕ್ಟರಿಯ ಹೆಸರು ಬರೆದೆವು (ಆ ‘ಟಿ’ ದೊಡ್ಡಕ್ಷರ). ಆ ಡೈರೆಕ್ಟರಿ ನಿಜವಾಗಿ ಯಾವ ಫೈಲ್‌ಸಿಸ್ಟಮ್ ಮೇಲೆ ಕೂತಿದೆ ಎಂದು ಅದು ಒಂದೇ ಸಾಲಿನಲ್ಲಿ ಹೇಳುತ್ತದೆ. ಎನ್‌ಎಫ್‌ಎಸ್4 ಎಂದು ಬರಬೇಕಿದ್ದಲ್ಲಿ ರೂಟ್‌ನ ಎಕ್ಸ್ಟ್4 ಬಂದರೆ ಅನುಮಾನಕ್ಕೆ ಜಾಗವೇ ಇಲ್ಲ. ಡೈರೆಕ್ಟರಿಯಲ್ಲಿದ್ದ ಹೊಸ ಕಡತಗಳನ್ನು ಬೇರೆ ಕಡೆ ಸರಿಸಿ, ನಂತರ ಮೌಂಟ್ ಮಾಡಿ, ಕಡತ ನಕಲು ಮಾಡುವ ‘ಆರ್‌ಸಿಂಕ್’ ಅನ್ನು ಮೊದಲು ‘-ಎನ್’ ಜೊತೆ ಒಣ ಓಟ (ಏನನ್ನೂ ಬದಲಿಸದೆ ಏನಾಗುತ್ತದೆಂದು ಮಾತ್ರ ತೋರಿಸುವುದು) ಓಡಿಸಿ ಪಟ್ಟಿ ಓದಿ, ಆಮೇಲೆ ಆಗಲೇ ಇರುವ ಕಡತಗಳನ್ನು ಮುಟ್ಟದ ‘ಇಗ್ನೋರ್-ಎಕ್ಸಿಸ್ಟಿಂಗ್’ ಜೊತೆ ನಿಜವಾಗಿ ಸೇರಿಸಿದೆವು. ಇಲ್ಲಿ ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು: ಕಡತದ ಕ್ರಮಸಂಖ್ಯೆ ಎಲ್ಲಿಂದ ಬರುತ್ತದೆ? ಡೇಟಾಬೇಸ್‌ನಿಂದ ಬಂದರೆ ಹೆಸರು ಡಿಕ್ಕಿ ಹೊಡೆಯುವುದಿಲ್ಲ. ಡೈರೆಕ್ಟರಿಯಲ್ಲಿ ಇರುವ ಕೊನೆಯ ಸಂಖ್ಯೆ ನೋಡಿ ಮುಂದಿನದನ್ನು ಕೊಡುವ ಸಾಫ್ಟ್‌ವೇರ್ ಆದರೆ, ಖಾಲಿ ಡೈರೆಕ್ಟರಿಯಲ್ಲಿ ಅದು ಮತ್ತೆ 1ರಿಂದ ಶುರು ಮಾಡಿರುತ್ತದೆ. ಆಗ ಒಂದೊಂದನ್ನೂ ಕೈಯಿಂದಲೇ ಹೆಸರು ಬದಲಿಸಿ ಸೇರಿಸಬೇಕು. ಬೇರೆ ದಾರಿ ಇಲ್ಲ.

ಯಾರಾದರೂ ಆಗಲೇ ಮೌಂಟ್ ಮಾಡಿಬಿಟ್ಟಿದ್ದರೆ? ರೂಟ್ ಅನ್ನು ಇನ್ನೊಂದು ಕಡೆ ‘ಮೌಂಟ್ --ಬೈಂಡ್’ ಮಾಡಿ. ಸಾದಾ ಬೈಂಡ್ ಒಳಗಿನ ಮೌಂಟ್‌ಗಳನ್ನು ಜೊತೆಗೆ ತರುವುದಿಲ್ಲ, ಆದ್ದರಿಂದ ಎನ್‌ಎಫ್‌ಎಸ್ ಅಡಿಯಲ್ಲಿ ಮುಚ್ಚಿಹೋದ ಡೈರೆಕ್ಟರಿ ಅಲ್ಲಿ ಬಯಲಾಗಿ ಕಾಣುತ್ತದೆ. ಕೆಲಸ ನಡೆಯುತ್ತಿರುವ ಸರ್ವರ್‌ನಲ್ಲೂ ಇದನ್ನು ಮಾಡಬಹುದು.

ಲಾಗ್ ಏನು ಹೇಳಿತು

‘ಜರ್ನಲ್‌ಸಿಟಿಎಲ್ -ಬಿ -ಓ ಶಾರ್ಟ್-ಮೊನೊಟೋನಿಕ್’ ಕೊಟ್ಟರೆ ಪ್ರತಿ ಸಾಲಿನ ಮುಂದೆ ಗಡಿಯಾರದ ಸಮಯದ ಬದಲು ಬೂಟ್ ಆದಲ್ಲಿಂದ ಕಳೆದ ಸೆಕೆಂಡುಗಳು ಬರುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ನೋಡಲು ಇದೇ ಸರಿ; ಬೂಟ್ ನಡುವೆ ಎನ್‌ಟಿಪಿ ಗಡಿಯಾರವನ್ನು ಸರಿಪಡಿಸಿದರೆ ಸಾಮಾನ್ಯ ಸಮಯದ ಲೆಕ್ಕ ಅಡಿಮೇಲಾಗುತ್ತದೆ. ಬೂಟ್ ಮತ್ತು ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಸಿಸ್ಟಮ್‌ಡಿ; ಅದರ ಉಸ್ತುವಾರಿಯಲ್ಲಿರುವ ಒಂದೊಂದಕ್ಕೂ ಯುನಿಟ್ ಎಂದು ಹೆಸರು. ಮೌಂಟ್‌ನ ಯುನಿಟ್ ಮತ್ತು ಅಪ್ಲಿಕೇಶನ್‌ನ ಯುನಿಟ್ ಎರಡನ್ನೂ ‘-ಯು’ ಕೊಟ್ಟು ಒಟ್ಟಿಗೆ ತೆಗೆದೆವು.

ಅಪ್ಲಿಕೇಶನ್ ಎಂಟನೇ ಸೆಕೆಂಡಿನ ಸುಮಾರಿಗೆ ಎದ್ದಿದೆ. ಮೌಂಟ್ ಕೂಡ ಅದೇ ಹೊತ್ತಿಗೆ ಪ್ರಯತ್ನ ಶುರು ಮಾಡಿ, 90 ಸೆಕೆಂಡ್ ಆದಮೇಲೆ ‘ಮೌಂಟಿಂಗ್ ಟೈಮ್ಡ್ ಔಟ್, ಟರ್ಮಿನೇಟಿಂಗ್’ ಎಂದು ಬರೆದು ನಿಂತಿದೆ. ಈ 90 ಎಲ್ಲಿಂದ ಬಂತು ಎಂದು ತಿಳಿದಿರಬೇಕು. ಎನ್‌ಎಫ್‌ಎಸ್ ಮೌಂಟ್ ಕಮಾಂಡ್‌ಗೆ ತನ್ನದೇ ತಾಳ್ಮೆ ಇದೆ: ಎದುರಿನ ಮಿಷನ್ ಸಿಗದಿದ್ದರೆ ಎರಡು ನಿಮಿಷ ಮತ್ತೆ ಮತ್ತೆ ಯತ್ನಿಸುತ್ತದೆ. ಆದರೆ ಸಿಸ್ಟಮ್‌ಡಿ ಮೌಂಟ್‌ಗೆ ಸಹಜವಾಗಿ ಕೊಡುವ ಗಡುವು 90 ಸೆಕೆಂಡ್. ಆದ್ದರಿಂದ ಮೌಂಟ್ ಕಮಾಂಡ್ ಇನ್ನೂ ಯತ್ನಿಸುತ್ತಿರುವಾಗಲೇ ಸಿಸ್ಟಮ್‌ಡಿ ಅದನ್ನು ಕೊಂದುಬಿಡುತ್ತದೆ. ‘ರಿಟ್ರೈ’ ಸಂಖ್ಯೆಯನ್ನು ಮಾತ್ರ ಹೆಚ್ಚಿಸಿ ಏನೂ ಪ್ರಯೋಜನವಿಲ್ಲದಿರುವುದು ಇದಕ್ಕೇ. ಅದರ ಜೊತೆ ‘ಎಕ್ಸ್-ಸಿಸ್ಟಮ್‌ಡಿ.ಮೌಂಟ್-ಟೈಮ್‌ಔಟ್’ ಕೂಡ ಹೆಚ್ಚಬೇಕು.

ಏನನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಇದ್ದ ಸಾಲು ಹೀಗಿತ್ತು:

192.168.10.20:/ವಾಲ್ಯೂಮ್1/ದಾಖಲೆ   /ಎಸ್‌ಆರ್‌ವಿ/ದಾಖಲೆ   ಎನ್‌ಎಫ್‌ಎಸ್4   ಡಿಫಾಲ್ಟ್ಸ್,ನೋಫೇಲ್   0 0

ಅಪ್ಲಿಕೇಶನ್‌ನ ಯುನಿಟ್ ಫೈಲ್‌ನಲ್ಲಿ ಇದ್ದದ್ದು ‘ಆಫ್ಟರ್=ನೆಟ್‌ವರ್ಕ್.ಟಾರ್ಗೆಟ್’ ಒಂದೇ. ಸಾಫ್ಟ್‌ವೇರ್ ಕೊಟ್ಟವರು ಬರೆದಿದ್ದು ಅಷ್ಟೇ. ಅವರ ಮಟ್ಟಿಗೆ ಕಡತಗಳ ಡೈರೆಕ್ಟರಿ ಒಳಡಿಸ್ಕ್‌ನಲ್ಲೇ ಇರುತ್ತದೆ, ಹಾಗಾಗಿ ತಪ್ಪೇನಿಲ್ಲ. ಆದರೆ ಈ ಸರ್ವರ್‌ನಲ್ಲಿ ಆ ಸಾಲಿಗೂ ನ್ಯಾಸ್‌ಗೂ ಯಾವ ಸಂಬಂಧವೂ ಇಲ್ಲ.

ಮೂರು ಟಾರ್ಗೆಟ್‌ಗಳು

ಟಾರ್ಗೆಟ್ ಎಂದರೆ ಬೂಟ್ ದಾರಿಯ ಒಂದು ಮೈಲಿಗಲ್ಲು. ‘ನೆಟ್‌ವರ್ಕ್.ಟಾರ್ಗೆಟ್’ ಎಂದರೆ ನೆಟ್‌ವರ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಎದ್ದಿದೆ ಎಂದಷ್ಟೇ. ಐಪಿ ವಿಳಾಸ ಬಂದಿದೆ ಎಂದಲ್ಲ, ಕೇಬಲ್ ಚುಚ್ಚಿದೆ ಎಂದೂ ಅಲ್ಲ. ಅದರ ಮುಖ್ಯ ಉಪಯೋಗ ಸರ್ವರ್ ಆಫ್ ಮಾಡುವಾಗ: ಸರ್ವಿಸ್‌ಗಳು ನಿಂತ ಮೇಲೆ ನೆಟ್‌ವರ್ಕ್ ಇಳಿಯಲಿ ಎಂಬ ಕ್ರಮಕ್ಕೆ. ‘ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ಒಂದು ಹೆಜ್ಜೆ ಮುಂದೆ ಹೋಗಿ ವಿಳಾಸ ಸಿದ್ಧವಾಗುವವರೆಗೆ ಕಾಯುತ್ತದೆ. ಎನ್‌ಎಫ್‌ಎಸ್ ಮೌಂಟ್‌ಗಳು ಇದಕ್ಕಾಗಿ ತಾವಾಗಿಯೇ ಕಾಯುತ್ತವೆ; ಎಫ್‌ಎಸ್‌ಟ್ಯಾಬ್‌ನ ಸಾಲನ್ನು ಮೌಂಟ್ ಯುನಿಟ್ ಆಗಿ ಮಾಡುವಾಗ ಸಿಸ್ಟಮ್‌ಡಿಯೇ ಆ ನಂಟು ಸೇರಿಸುತ್ತದೆ. ಐಸ್ಕಸಿ (ನೆಟ್‌ವರ್ಕ್ ಮೂಲಕ ಇಡೀ ಡಿಸ್ಕ್ ಅನ್ನೇ ಕೊಡುವ ಕ್ರಮ) ಡಿಸ್ಕ್ ಮೇಲಿನ ಎಕ್ಸ್ಟ್4 ಆದರೆ ಹಾಗಲ್ಲ. ಅದು ನೋಡಲು ಒಳಡಿಸ್ಕ್‌ನಂತೆಯೇ ಇರುವುದರಿಂದ ಮುಂದೆ ಅಂಡರ್‌ಸ್ಕೋರ್ ಇರುವ ‘_ನೆಟ್‌ಡೆವ್’ ಆಯ್ಕೆಯನ್ನು ನಾವೇ ಬರೆಯಬೇಕು.

ಆದರೆ ಆನ್‌ಲೈನ್ ಎಂದರೂ ನ್ಯಾಸ್ ಸಿಗುತ್ತದೆ ಎಂದರ್ಥವಲ್ಲ. ಕೆಆರ್‌ಎಸ್‌ನಿಂದ ವಿ.ಸಿ. ನಾಲೆಗೆ ನೀರು ಬಿಟ್ಟ ದಿನವೇ ಮದ್ದೂರು, ಮಳವಳ್ಳಿಯ ಕೊನೆಭಾಗದ ಗದ್ದೆಗೆ ನೀರು ಬಂದಿರುವುದಿಲ್ಲವಲ್ಲ, ಹಾಗೆ. ನಮ್ಮ ಕಡೆಯ ಪೋರ್ಟ್‌ಗೆ ವಿಳಾಸ ಬಂತು ಎಂಬುದು ತೂಬಿನ ಬಳಿಯ ಸುದ್ದಿ. ಸರ್ವರ್‌ಗೆ ಸ್ಥಿರ ಐಪಿ ಕೊಟ್ಟಿದ್ದರೆ ಕೇಬಲ್‌ನಲ್ಲಿ ಲಿಂಕ್ ಕಂಡ ಕೂಡಲೇ ಆನ್‌ಲೈನ್ ಎಂದು ಸಾರಿಬಿಡುತ್ತದೆ, ಆಚೆ ಸ್ವಿಚ್ ಪ್ಯಾಕೆಟ್ ಬಿಡುತ್ತಿದೆಯೋ ಇಲ್ಲವೋ ನೋಡುವುದಿಲ್ಲ.

ಮೂರನೆಯದು ‘ರಿಮೋಟ್-ಎಫ್‌ಎಸ್.ಟಾರ್ಗೆಟ್’, ನೆಟ್‌ವರ್ಕ್ ಮೌಂಟ್‌ಗಳ ಮೈಲಿಗಲ್ಲು. ‘ಆಫ್ಟರ್=ರಿಮೋಟ್-ಎಫ್‌ಎಸ್.ಟಾರ್ಗೆಟ್ ಹಾಕಿ, ಸರಿಹೋಗುತ್ತದೆ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ ನೋಫೇಲ್ ಇದ್ದರೆ ಅದು ಕೆಲಸ ಮಾಡುವುದಿಲ್ಲ. ನೋಫೇಲ್ ಎರಡು ಕೆಲಸ ಮಾಡುತ್ತದೆ: ಮೌಂಟ್ ಸೋತರೂ ಟಾರ್ಗೆಟ್ ಸೋಲದಂತೆ ಮಾಡುತ್ತದೆ, ಜೊತೆಗೆ ಟಾರ್ಗೆಟ್ ಆ ಮೌಂಟ್‌ಗಾಗಿ ಕಾಯುವುದನ್ನೂ ತೆಗೆದುಹಾಕುತ್ತದೆ. ಈ ಎರಡನೆಯದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಮೌಂಟ್ ಇನ್ನೂ ಒದ್ದಾಡುತ್ತಿರುವಾಗಲೇ ರಿಮೋಟ್-ಎಫ್‌ಎಸ್ ಮುಗಿಯಿತು ಎಂದಾಗಿ, ಅದರ ಹಿಂದಿದ್ದ ಸರ್ವಿಸ್‌ಗಳು ಓಡಲು ಶುರುಮಾಡುತ್ತವೆ.

ಹಾಗೆಂದು ನೋಫೇಲ್ ತೆಗೆಯಬೇಕೆ? ಬೇಡ. ಲಾಗಿನ್‌ಗೆ ಬಾಗಿಲು ತೆರೆಯುವ ‘ಸಿಸ್ಟಮ್‌ಡಿ-ಯೂಸರ್-ಸೆಷನ್ಸ್’ ಸರ್ವಿಸ್ ರಿಮೋಟ್-ಎಫ್‌ಎಸ್ ಆದಮೇಲೆ ಏಳುವಂತಿದೆ. ನೋಫೇಲ್ ತೆಗೆದರೆ ನ್ಯಾಸ್ ಬಾರದಿದ್ದಾಗ, ಮೌಂಟ್ ಯತ್ನ ಮುಗಿಯುವವರೆಗೆ, ಎಸ್‌ಎಸ್‌ಎಚ್ ಸಂಪರ್ಕವಾದರೂ ಸಾಮಾನ್ಯ ಯೂಸರ್‌ಗೆ ‘ಸಿಸ್ಟಮ್ ಈಸ್ ಬೂಟಿಂಗ್ ಅಪ್’ ಎಂಬ ಉತ್ತರ ಬಂದು ಬಾಗಿಲು ಮುಚ್ಚುತ್ತದೆ. ಮೈಸೂರಿನಲ್ಲಿ ಕೂತು ಮಂಡ್ಯದ ಸರ್ವರ್ ನೋಡಿಕೊಳ್ಳುವವರಿಗೆ ಆ ಹೊತ್ತಿನಲ್ಲೇ ಒಳಗೆ ಹೋಗಬೇಕಿರುತ್ತದೆ. ಇಡೀ ಮಿಷನ್ ಕಾಯಬಾರದು, ಈ ಒಂದು ಸರ್ವಿಸ್ ಕಾಯಲೇಬೇಕು. ಮೊದಲನೆಯದಕ್ಕೆ ಎಫ್‌ಎಸ್‌ಟ್ಯಾಬ್‌ನಲ್ಲಿ ನೋಫೇಲ್ ಇರಲಿ. ಎರಡನೆಯದನ್ನು ಸರ್ವಿಸ್‌ನಲ್ಲೇ ಬರೆಯೋಣ.

ರಿಕ್ವೈರ್ಸ್‌ಮೌಂಟ್ಸ್‌ಫಾರ್, ಮತ್ತು ಅದು ಸಾಲದೇ ಹೋದದ್ದು

‘ಆಫ್ಟರ್’ ಕ್ರಮವನ್ನು ಮಾತ್ರ ಹೇಳುತ್ತದೆ. ಎರಡೂ ಏಳುವುದಾದರೆ ಇದು ಮೊದಲು, ಅದು ಆಮೇಲೆ. ‘ರಿಕ್ವೈರ್ಸ್’ ಅಗತ್ಯವನ್ನು ಹೇಳುತ್ತದೆ, ಕ್ರಮವನ್ನಲ್ಲ. ಆಫ್ಟರ್ ಇಲ್ಲದ ರಿಕ್ವೈರ್ಸ್ ಎರಡನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಎರಡೂ ಬೇಕು. ‘ರಿಕ್ವೈರ್ಸ್‌ಮೌಂಟ್ಸ್‌ಫಾರ್=’ ಬರೆದು ಡೈರೆಕ್ಟರಿಯ ದಾರಿ ಕೊಟ್ಟರೆ ಆ ದಾರಿಗೆ ಬೇಕಾದ ಎಲ್ಲ ಮೌಂಟ್‌ಗಳಿಗೂ ಎರಡನ್ನೂ ಅದೇ ಸೇರಿಸುತ್ತದೆ. ಮೌಂಟ್ ಯುನಿಟ್‌ನ ಹೆಸರು ಲೆಕ್ಕಹಾಕುವ ಕೆಲಸವೂ ಇಲ್ಲ. ಹೆಸರೇ ಬೇಕಾದರೆ ‘ಸಿಸ್ಟಮ್‌ಡಿ-ಎಸ್ಕೇಪ್ -ಪಿ --ಸಫಿಕ್ಸ್=ಮೌಂಟ್’ ಕೊಟ್ಟು ದಾರಿ ಬರೆಯಿರಿ. ಡೈರೆಕ್ಟರಿ ಹೆಸರಿನಲ್ಲೇ ಅಡ್ಡಗೆರೆ ಇದ್ದರೆ ಅದು ಬೇರೊಂದು ಸಂಕೇತವಾಗಿ ಬದಲಾಗುತ್ತದೆ, ಅಂದಾಜಿನಲ್ಲಿ ಬರೆದರೆ ತಪ್ಪುತ್ತದೆ. ಇಲ್ಲದ ಹೆಸರಿಗೆ ಆಫ್ಟರ್ ಬರೆದರೂ ಸಿಸ್ಟಮ್‌ಡಿ ದೂರುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ.

ಮೂಲ ಯುನಿಟ್ ಫೈಲ್ ಮುಟ್ಟದೆ ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಮೂಲಕ ಸೇರ್ಪಡೆ ಫೈಲ್ ಮಾಡಿದೆವು. ಸಾಫ್ಟ್‌ವೇರ್ ಅಪ್‌ಡೇಟ್ ಆದರೂ ಅದು ಉಳಿಯುತ್ತದೆ. ಈ ಸೇರ್ಪಡೆ ಫೈಲ್‌ನಿಂದ ಅವಲಂಬನೆಗಳನ್ನು ಕೂಡಿಸಬಹುದು, ಮೂಲದಲ್ಲಿ ಇರುವುದನ್ನು ಕಳೆಯಲಾಗುವುದಿಲ್ಲ. ಖಾಲಿ ‘ಆಫ್ಟರ್=’ ಬರೆದರೆ ಹಳೆಯದು ಅಳಿಯುವುದಿಲ್ಲ.

ನ್ಯಾಸ್ ಆಫ್ ಇಟ್ಟು ರೀಬೂಟ್ ಮಾಡಿದಾಗ ಅರ್ಧ ಕೆಲಸ ಆಗಿತ್ತು. ಖಾಲಿ ಡೈರೆಕ್ಟರಿಗೆ ಒಂದು ಕಡತವೂ ಬೀಳಲಿಲ್ಲ. ಲಾಗ್‌ನಲ್ಲಿ ‘ಡಿಪೆಂಡೆನ್ಸಿ ಫೇಲ್ಡ್’ ಎಂದು ಬಂದು ಸರ್ವಿಸ್ ಏಳಲೇ ಇಲ್ಲ. ನಾಲ್ಕೈದು ನಿಮಿಷದ ಮೇಲೆ ನ್ಯಾಸ್ ಬಂತು. ಸರ್ವಿಸ್ ಮಾತ್ರ ಹಾಗೆಯೇ ಬಿದ್ದಿತ್ತು. ‘ರೀಸ್ಟಾರ್ಟ್=ಆಲ್ವೇಸ್’ ಬರೆದಿದ್ದರೂ ಇಲ್ಲಿ ಅನ್ವಯಿಸುವುದಿಲ್ಲ, ಏಕೆಂದರೆ ಸರ್ವಿಸ್ ಓಡಿ ಬಿದ್ದದ್ದಲ್ಲ, ಓಡಲು ಶುರುವೇ ಮಾಡಿಲ್ಲ. ಇನ್ನು ಮೌಂಟ್ ಯುನಿಟ್‌ಗಳಿಗೆ ರೀಸ್ಟಾರ್ಟ್ ಎಂಬ ಸೌಲಭ್ಯವೇ ಇಲ್ಲ. ಒಮ್ಮೆ ಸೋತ ಮೌಂಟ್ ಅನ್ನು ಸಿಸ್ಟಮ್‌ಡಿ ತಾನಾಗಿ ಮತ್ತೆ ಯತ್ನಿಸುವುದಿಲ್ಲ. ಡೇಟಾ ಉಳಿಯಿತು, ಆದರೆ ಬೆಳಿಗ್ಗೆ ಯಾರಾದರೂ ಬಂದು ಕೈಯಿಂದ ಎಬ್ಬಿಸಬೇಕು. ಡೇಟಾಬೇಸ್‌ನಂಥದ್ದನ್ನು ಎನ್‌ಎಫ್‌ಎಸ್ ಮೇಲೆ ಇಟ್ಟಿದ್ದರೆ ನಮಗೆ ಇದೇ ಸಾಕು. ಮನುಷ್ಯ ನೋಡಿ ಎಬ್ಬಿಸುವುದೇ ಒಳ್ಳೆಯದು. ಸ್ಕ್ಯಾನ್ ಕಡತಗಳ ಸರ್ವಿಸ್‌ಗೆ ಸಾಲದು.

ಮತ್ತೆ ಮತ್ತೆ ಯತ್ನಿಸುವಂತೆ ಮಾಡುವುದು

ದಾರಿಗಳು ಹಲವಿವೆ. ಮೌಂಟ್ ಗಡುವನ್ನು ಹತ್ತು ನಿಮಿಷಕ್ಕೆ ಏರಿಸಬಹುದು, ಆದರೆ ನ್ಯಾಸ್ ಹನ್ನೊಂದನೇ ನಿಮಿಷಕ್ಕೆ ಬಂದರೆ ಮತ್ತೆ ಅದೇ ಕಥೆ. ಎಫ್‌ಎಸ್‌ಟ್ಯಾಬ್‌ನಲ್ಲಿ ‘ಬಿಜಿ’ ಬರೆದರೆ ಸಿಸ್ಟಮ್‌ಡಿ ಅದನ್ನು ಗಡುವಿಲ್ಲದ ಮೌಂಟ್, ರಿಟ್ರೈ 10000 ನಿಮಿಷ, ಜೊತೆಗೆ ನೋಫೇಲ್ ಎಂದು ಓದಿಕೊಳ್ಳುತ್ತದೆ; ಒಂದೇ ಮೌಂಟ್ ಇರುವಲ್ಲಿ ಇದು ಕೆಟ್ಟ ಆಯ್ಕೆಯಲ್ಲ. ನಾವು ಆರಿಸಿದ್ದು ಸರ್ವಿಸ್‌ನ ಮಟ್ಟದಲ್ಲೇ ಯತ್ನಿಸುವ ಕ್ರಮ, ಏಕೆಂದರೆ ಮೌಂಟ್ ಆಗಿದೆಯೇ ಎನ್ನುವುದಕ್ಕಿಂತ ಒಳಗೆ ಸರಿಯಾದ ಡೇಟಾ ಇದೆಯೇ ಎಂದು ಅಲ್ಲಿ ಕೇಳಬಹುದು.

ನ್ಯಾಸ್‌ನ ಆ ಹಂಚಿಕೆಯೊಳಗೆ (ಅದು ನೆಟ್‌ವರ್ಕ್‌ಗೆ ಕೊಡುವ ಡೈರೆಕ್ಟರಿಯೊಳಗೆ) ‘.ಗುರುತು’ ಎಂಬ ಖಾಲಿ ಫೈಲ್ ಇಟ್ಟೆವು. ಸೇರ್ಪಡೆ ಫೈಲ್ ಹೀಗಾಯಿತು:

[ಯುನಿಟ್]
ವಾಂಟ್ಸ್=ಎಸ್‌ಆರ್‌ವಿ-ದಾಖಲೆ.ಮೌಂಟ್
ಆಫ್ಟರ್=ಎಸ್‌ಆರ್‌ವಿ-ದಾಖಲೆ.ಮೌಂಟ್
ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್=0

[ಸರ್ವಿಸ್]
ಎಕ್ಸೆಕ್‌ಸ್ಟಾರ್ಟ್‌ಪ್ರೀ=/ಯುಎಸ್‌ಆರ್/ಬಿನ್/ಟೆಸ್ಟ್ -ಎಫ್ /ಎಸ್‌ಆರ್‌ವಿ/ದಾಖಲೆ/.ಗುರುತು
ರೀಸ್ಟಾರ್ಟ್=ಆನ್-ಫೇಲ್ಯೂರ್
ರೀಸ್ಟಾರ್ಟ್‌ಸೆಕ್=30

ಇದು ಹೇಗೆ ಓಡುತ್ತದೆಂದರೆ: ವಾಂಟ್ಸ್ ಮೌಂಟ್ ಅನ್ನು ಎಬ್ಬಿಸಲು ಯತ್ನಿಸುತ್ತದೆ, ಆಫ್ಟರ್ ಆ ಯತ್ನ ಮುಗಿಯುವವರೆಗೆ ಕಾಯಿಸುತ್ತದೆ. ಮೌಂಟ್ ಸೋತರೂ ಸರ್ವಿಸ್‌ನ ಸರದಿ ಬರುತ್ತದೆ, ಏಕೆಂದರೆ ಇದು ರಿಕ್ವೈರ್ಸ್ ಅಲ್ಲ. ಆಗ ಗುರುತಿನ ಫೈಲ್ ಸಿಗದೆ ಮೊದಲ ಹೆಜ್ಜೆಯಲ್ಲೇ ಸರ್ವಿಸ್ ಸೋಲುತ್ತದೆ. ಈ ಸೋಲು ಸರ್ವಿಸ್‌ನದೇ ಸೋಲು, ಆದ್ದರಿಂದ ರೀಸ್ಟಾರ್ಟ್ ಅನ್ವಯಿಸುತ್ತದೆ. 30 ಸೆಕೆಂಡ್ ಬಿಟ್ಟು ಮತ್ತೆ ಏಳುವಾಗ ವಾಂಟ್ಸ್‌ನಲ್ಲಿರುವ ಮೌಂಟ್ ಕೂಡ ಮತ್ತೆ ಯತ್ನಿಸಲ್ಪಡುತ್ತದೆ. ನ್ಯಾಸ್ ಬಂದ ಒಂದೆರಡು ನಿಮಿಷದಲ್ಲಿ ಸರ್ವಿಸ್ ತಾನಾಗಿ ಎದ್ದಿರುತ್ತದೆ.

ಇದರಲ್ಲಿ ಬಿಡಬಾರದ ಸಾಲುಗಳು ಎರಡು. ರೀಸ್ಟಾರ್ಟ್‌ಸೆಕ್ ಬರೆಯದಿದ್ದರೆ ಅದರ ಸಹಜ ಬೆಲೆ 100 ಮಿಲಿಸೆಕೆಂಡ್. ಸಹಜ ಮಿತಿ 10 ಸೆಕೆಂಡಿಗೆ 5 ಸಲ. ಮೌಂಟ್ ತಕ್ಷಣವೇ ಸೋಲುವ ಸಂದರ್ಭದಲ್ಲಿ, ಉದಾಹರಣೆಗೆ ನೆಟ್‌ವರ್ಕ್ ದಾರಿಯೇ ಇಲ್ಲದಾಗ, ಐದೂ ಯತ್ನ ಕ್ಷಣದಲ್ಲಿ ಖರ್ಚಾಗಿ ‘ರಿಪೀಟೆಡ್ ಟೂ ಕ್ವಿಕ್ಲಿ’ ಎಂದು ಸಿಸ್ಟಮ್‌ಡಿ ಕೈಚೆಲ್ಲುತ್ತದೆ. ಮಿತಿಯನ್ನು 0 ಮಾಡಿದ್ದು ಇದಕ್ಕೆ. ಮತ್ತು ಅದು ಯುನಿಟ್ ವಿಭಾಗದಲ್ಲೇ ಇರಬೇಕು, ಸರ್ವಿಸ್ ವಿಭಾಗದಲ್ಲಲ್ಲ.

ಗುರುತಿನ ಫೈಲ್ ಬದಲು ‘ಮೌಂಟ್‌ಪಾಯಿಂಟ್ -ಕ್ಯೂ’ ಕೇಳಬಹುದಲ್ಲ ಎನ್ನಬಹುದು. ಆಟೋಮೌಂಟ್ (ಯಾರಾದರೂ ಮುಟ್ಟಿದಾಗಷ್ಟೇ ಮೌಂಟ್ ಮಾಡುವ ಕ್ರಮ) ಇಲ್ಲದ ಕಡೆ ಅದು ಸರಿಯೇ. ಆಟೋಮೌಂಟ್ ಇದ್ದರೆ ನ್ಯಾಸ್ ಬರುವ ಮೊದಲೇ ಆ ಡೈರೆಕ್ಟರಿಯ ಮೇಲೆ ಆಟೋಎಫ್‌ಎಸ್ ಎಂಬುದೊಂದು ಕೂತಿರುತ್ತದೆ, ಅದೂ ಒಂದು ಮೌಂಟೇ. ಪ್ರಶ್ನೆಗೆ ‘ಹೌದು’ ಎಂಬ ಸುಳ್ಳು ಉತ್ತರ ಬರುತ್ತದೆ. ‘ಕಂಡೀಷನ್‌ಪಾತ್‌ಈಸ್‌ಮೌಂಟ್‌ಪಾಯಿಂಟ್’ಗೂ ಇದೇ ತೊಂದರೆ. ಅದರ ಮೇಲೆ, ಕಂಡೀಷನ್ ಸೋತರೆ ಸರ್ವಿಸ್ ಸದ್ದಿಲ್ಲದೆ ತಪ್ಪಿಸಿಕೊಳ್ಳುತ್ತದೆ, ಅದನ್ನು ಸೋಲು ಎಂದು ಎಣಿಸುವುದೇ ಇಲ್ಲ. ಒಳಗಿನ ಫೈಲ್ ಅನ್ನೇ ಕೇಳಿದರೆ ಇದ್ಯಾವುದರ ಕಾಟವಿಲ್ಲ. ನ್ಯಾಸ್‌ನಲ್ಲಿ ಯಾರಾದರೂ ತಪ್ಪು ಹಂಚಿಕೆಯನ್ನು ಕೊಟ್ಟಿದ್ದರೂ ಅದು ಹಿಡಿದುಬಿಡುತ್ತದೆ.

ಕೊನೆಯ ಬೇಲಿಯಾಗಿ, ಎನ್‌ಎಫ್‌ಎಸ್ ಇಳಿಸಿ ಬರಿದಾದ ಡೈರೆಕ್ಟರಿಯ ಮೇಲೆ ‘ಸಿಎಚ್‌ಅಟ್ರ್ +ಐ’ ಹಾಕಿದೆವು. ಎಕ್ಸ್ಟ್4, ಎಕ್ಸ್‌ಎಫ್‌ಎಸ್ ಎರಡರಲ್ಲೂ ನಡೆಯುತ್ತದೆ. ಆಮೇಲೆ ಅದರೊಳಗೆ ರೂಟ್ ಕೂಡ ಫೈಲ್ ಹುಟ್ಟಿಸಲಾರ. ಮೌಂಟ್ ಮಾಡಲು ಮಾತ್ರ ಅಡ್ಡಿಯಿಲ್ಲ. ಒಂದೇ ಕಮಾಂಡ್, ಒಂದು ನಿಮಿಷದ ಕೆಲಸ. ಈ ಲೇಖನದಲ್ಲಿ ಉಳಿದದ್ದೇನೂ ಮಾಡಲು ಸಮಯವಿಲ್ಲದವರು ಇದನ್ನಾದರೂ ಇವತ್ತೇ ಮಾಡಬೇಕು.

ಡಾಕರ್ ಇದ್ದಲ್ಲಿ

ಅದೇ ಸರ್ವರ್‌ನಲ್ಲಿ ಸ್ಕ್ಯಾನ್ ಚಿತ್ರಗಳಿಂದ ಅಕ್ಷರ ಓದುವ ಒಂದು ಡಾಕರ್ ಕಂಟೇನರ್ (ಉಳಿದದ್ದರಿಂದ ಬೇರ್ಪಡಿಸಿ ಓಡಿಸುವ ಅಪ್ಲಿಕೇಶನ್) ಇತ್ತು. ಮೌಂಟ್ ಆದಮೇಲೂ ಅದಕ್ಕೆ ಡೈರೆಕ್ಟರಿ ಖಾಲಿಯಾಗಿಯೇ ಕಾಣುತ್ತಿತ್ತು. ಕಾರಣ ಡಾಕರ್‌ನ ಸಹಜ ಬೈಂಡ್ ಕ್ರಮ ‘ಆರ್‌ಪ್ರೈವೇಟ್’: ಕಂಟೇನರ್ ಎದ್ದ ಮೇಲೆ ಹೊರಗಡೆ ಆಗುವ ಮೌಂಟ್‌ಗಳು ಒಳಗೆ ಕಾಣುವುದಿಲ್ಲ. ಹೊರಗೆ ನೋಡಿದರೆ ಎಲ್ಲ ಸರಿ, ಒಳಗೆ ಹೊಕ್ಕು ನೋಡಿದರೆ ಏನೂ ಇಲ್ಲ. ತಕ್ಷಣದ ಪರಿಹಾರ ಕಂಟೇನರ್ ರೀಸ್ಟಾರ್ಟ್.

ಶಾಶ್ವತಕ್ಕೆ ಎರಡು ಬದಲಾವಣೆ ಮಾಡಿದೆವು. ಮೌಂಟ್ ಡೈರೆಕ್ಟರಿಯ ಬದಲು ಅದರೊಳಗಿನ, ನ್ಯಾಸ್‌ನಲ್ಲಿ ಮಾತ್ರ ಇರುವ ಉಪಡೈರೆಕ್ಟರಿಯನ್ನು ಕಂಟೇನರ್‌ಗೆ ಕೊಟ್ಟೆವು, ಅದೂ ‘-ವಿ’ ಬಿಟ್ಟು ‘--ಮೌಂಟ್’ ರೀತಿಯಲ್ಲಿ. ‘-ವಿ’ ಕೊಟ್ಟರೆ ಇಲ್ಲದ ಡೈರೆಕ್ಟರಿಯನ್ನು ಡಾಕರ್ ತಾನೇ ಹುಟ್ಟಿಸುತ್ತದೆ. ‘--ಮೌಂಟ್’ ಆದರೆ ಇಲ್ಲವೆಂದು ನಿಲ್ಲುತ್ತದೆ. ಆದರೆ ಹೀಗೆ ಶುರುವಿನಲ್ಲೇ ನಿಂತ ಕಂಟೇನರ್ ಅನ್ನು ಡಾಕರ್‌ನ ರೀಸ್ಟಾರ್ಟ್ ನೀತಿ ಎತ್ತುವುದಿಲ್ಲ, ಒಮ್ಮೆಯಾದರೂ ಸರಿಯಾಗಿ ಎದ್ದ ಕಂಟೇನರ್‌ಗೆ ಮಾತ್ರ ಅದು ಅನ್ವಯ. ಹಾಗಾಗಿ ಡಾಕರ್‌ನ ರೀಸ್ಟಾರ್ಟ್ ನೀತಿ ತೆಗೆದು, ಆ ಕಂಟೇನರ್‌ಗೆ ಪ್ರತ್ಯೇಕ ಸಿಸ್ಟಮ್‌ಡಿ ಯುನಿಟ್ ಬರೆದು ಮೇಲಿನದೇ ಸಾಲುಗಳನ್ನು ಹಾಕಿದೆವು. ಡಾಕರ್ ಸರ್ವಿಸ್‌ಗೇ ಅವಲಂಬನೆ ಹಾಕಿದರೆ ನ್ಯಾಸ್‌ಗೆ ಸಂಬಂಧವಿಲ್ಲದ ಕಂಟೇನರ್‌ಗಳೂ ಏಳದೆ ಕೂರುತ್ತವೆ.

ಸ್ವಿಚ್ ಮತ್ತು ಎರಡನೇ ಪೋರ್ಟ್

ಹಗಲಿನಲ್ಲಿ ನ್ಯಾಸ್ ಓಡುತ್ತಿರುವಾಗ ಸರ್ವರ್ ಒಂದನ್ನೇ ರೀಬೂಟ್ ಮಾಡಿದರೂ ಮೌಂಟ್ ಅರ್ಧ ನಿಮಿಷ ತಡವಾಗುತ್ತಿತ್ತು. ಇದು ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀಯ (ಕೇಬಲ್‌ಗಳಲ್ಲಿ ಪ್ಯಾಕೆಟ್ ಸುತ್ತು ಹೊಡೆಯದಂತೆ ನೋಡಿಕೊಳ್ಳುವ ವ್ಯವಸ್ಥೆಯ) ಕೆಲಸ. ಲಿಂಕ್ ಬಂದಮೇಲೆ ಪೋರ್ಟ್ 15 ಸೆಕೆಂಡ್ ಕೇಳಿಸಿಕೊಳ್ಳುವ ಹಂತ, 15 ಸೆಕೆಂಡ್ ಕಲಿಯುವ ಹಂತದಲ್ಲಿದ್ದು ಆಮೇಲಷ್ಟೇ ಪ್ಯಾಕೆಟ್ ಬಿಡುತ್ತದೆ. ಲಾಗ್‌ನಲ್ಲಿ ‘ನೋ ರೂಟ್ ಟು ಹೋಸ್ಟ್’ ಕಂಡರೆ ಮೊದಲು ಇದನ್ನು ನೋಡಿ. ಸರ್ವರ್ ಮತ್ತು ನ್ಯಾಸ್ ಚುಚ್ಚಿರುವ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ ಎಂದು ಗುರುತಿಸಿದರೆ ಕಾಯುವಿಕೆ ಹೋಗುತ್ತದೆ. ಇನ್ನೊಂದು ಸ್ವಿಚ್‌ಗೆ ಹೋಗುವ ಪೋರ್ಟ್‌ಗೆ ಮಾತ್ರ ಹಾಗೆ ಮಾಡಬಾರದು.

ಸರ್ವರ್‌ಗೆ ಎರಡು ನೆಟ್‌ವರ್ಕ್ ಪೋರ್ಟ್ ಇದ್ದು ಒಂದಕ್ಕೆ ಕೇಬಲ್ ಇಲ್ಲದಿದ್ದರೆ ಇನ್ನೊಂದು ವಿಳಂಬ. ‘ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ-ವೇಟ್-ಆನ್‌ಲೈನ್’ ತನ್ನ ಉಸ್ತುವಾರಿಯ ಎಲ್ಲ ಪೋರ್ಟ್‌ಗಳಿಗೂ ಕಾದು, 120 ಸೆಕೆಂಡ್ ಕಳೆದು ಸೋಲುತ್ತದೆ. ಖಾಲಿ ಪೋರ್ಟ್‌ನ ನೆಟ್‌ವರ್ಕ್ ಫೈಲ್‌ನ ಲಿಂಕ್ ವಿಭಾಗದಲ್ಲಿ ‘ರಿಕ್ವೈರ್ಡ್‌ಫಾರ್‌ಆನ್‌ಲೈನ್=ನೋ’ ಬರೆದರೆ ಮುಗಿಯಿತು. ಎಫ್‌ಎಸ್‌ಟ್ಯಾಬ್‌ನಲ್ಲಿ ನ್ಯಾಸ್‌ನ ಹೆಸರು ಬರೆದಿರುವವರು ಆ ಹೆಸರನ್ನು ‘ಹೋಸ್ಟ್ಸ್’ ಫೈಲ್‌ಗೆ ಸೇರಿಸಿ. ಡಿಎನ್‌ಎಸ್ ಕೊಡುವ ರೂಟರ್ ಕೂಡ ಅದೇ ಹೊತ್ತಿಗೆ ಏಳುತ್ತಿರುತ್ತದೆ.

ಹಾರ್ಡ್ ಮೌಂಟ್ ಹಾಗೇ ಇರಲಿ

ನ್ಯಾಸ್ ನಡುವೆ ಬಿದ್ದಾಗ ‘ಡಿಎಫ್’ ಕೊಟ್ಟರೆ ಟರ್ಮಿನಲ್ ಕಲ್ಲಾಗುತ್ತದೆ ಎಂಬ ಸಿಟ್ಟಿಗೆ ಕೆಲವರು ‘ಸಾಫ್ಟ್’ ಆಯ್ಕೆ ಹಾಕುತ್ತಾರೆ. ಬರೆಯುವ ಕೆಲಸವಿರುವ ಮೌಂಟ್‌ಗೆ ಹಾಕಲೇಬೇಡಿ. ಸಾಫ್ಟ್‌ನಲ್ಲಿ ಗಡುವು ಮೀರಿದರೆ ಅಪ್ಲಿಕೇಶನ್‌ಗೆ ದೋಷ ಹೋಗುತ್ತದೆ, ಅದನ್ನು ಸರಿಯಾಗಿ ನೋಡದ ಅಪ್ಲಿಕೇಶನ್ ಅರ್ಧ ಬರೆದ ಕಡತವನ್ನೇ ಪೂರ್ತಿ ಎಂದು ದಾಖಲಿಸುತ್ತದೆ. ಸಹಜವಾದ ‘ಹಾರ್ಡ್’ನಲ್ಲಿ ನ್ಯಾಸ್ ಬರುವವರೆಗೆ ಬರಹ ಕಾಯುತ್ತದೆ. ಹೀಗೆ ಸಿಕ್ಕಿಕೊಂಡ ಪ್ರೋಸೆಸ್ ಅನ್ನು ‘ಕಿಲ್ -9’ ಕೊಂದೀತು. ಪರೀಕ್ಷಿಸುವಾಗ ‘ಟೈಮ್‌ಔಟ್ 5’ ಅನ್ನು ಮುಂದೆ ಹಾಕಿ ‘ಸ್ಟ್ಯಾಟ್’ ಕೊಡುವುದನ್ನು ರೂಢಿ ಮಾಡಿಕೊಂಡರೆ ಟರ್ಮಿನಲ್ ಸಿಕ್ಕಿಕೊಳ್ಳುವ ಪ್ರಸಂಗ ಬಹಳ ಕಡಿಮೆಯಾಗುತ್ತದೆ.

ಇನ್ನೊಂದು: ಲಿನಕ್ಸ್ ಆಧಾರಿತ ನ್ಯಾಸ್‌ನಲ್ಲಿ ಎನ್‌ಎಫ್‌ಎಸ್4 ಎದ್ದಮೇಲೆ ಸಾಮಾನ್ಯವಾಗಿ 90 ಸೆಕೆಂಡ್‌ವರೆಗೆ ಒಂದು ರಿಯಾಯಿತಿ ಅವಧಿ ಇರುತ್ತದೆ, ಹಳೆಯ ಲಾಕ್‌ಗಳನ್ನು ಹಿಂದಿನವರು ವಾಪಸ್ ಪಡೆಯಲೆಂದು. ಆಗ ಮೌಂಟ್ ಆಗುತ್ತದೆ, ಫೈಲ್‌ಗಳ ಪಟ್ಟಿ ಬರುತ್ತದೆ, ಹೊಸದಾಗಿ ತೆರೆಯುವುದು ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಕೆಟ್ಟಿದೆ ಎಂದು ಆ ಹೊತ್ತಿನಲ್ಲಿ ನ್ಯಾಸ್ ಅನ್ನು ಮತ್ತೆ ರೀಬೂಟ್ ಮಾಡಿದರೆ ಅವಧಿ ಮೊದಲಿನಿಂದ ಶುರುವಾಗುತ್ತದೆ.

ಆಫ್ ಆಗುವಾಗ ಆಫ್ಟರ್ ಕ್ರಮ ತಿರುವುಮುರುವಾಗುತ್ತದೆ: ಮೊದಲು ಸರ್ವಿಸ್ ನಿಲ್ಲುತ್ತದೆ, ಆಮೇಲೆ ಮೌಂಟ್ ಇಳಿಯುತ್ತದೆ, ಕೊನೆಗೆ ನೆಟ್‌ವರ್ಕ್. ಬೂಟ್‌ಗೆಂದು ಬರೆದ ಸಾಲು ಶಟ್‌ಡೌನ್ ಸಿಕ್ಕಿಕೊಳ್ಳುವುದನ್ನೂ ತಪ್ಪಿಸುತ್ತದೆ. ಆದರೆ ಯುಪಿಎಸ್ ಬರಿದಾಗುವಾಗ ನ್ಯಾಸ್ ಮೊದಲು ಆಫ್ ಆದರೆ ಇದ್ಯಾವುದೂ ಪ್ರಯೋಜನಕ್ಕೆ ಬಾರದು. ಇಲ್ಲಿ ಯುಪಿಎಸ್‌ನ ಯುಎಸ್‌ಬಿ ಕೇಬಲ್ ನ್ಯಾಸ್‌ಗೆ ಹೋಗುತ್ತದೆ, ಸರ್ವರ್‌ನಲ್ಲಿ ಯುಪಿಎಸ್ ಮೇಲೆ ಕಣ್ಣಿಡುವ ಎನ್‌ಯುಟಿ ಸಾಫ್ಟ್‌ವೇರ್ ಎರಡನೆಯವನಾಗಿ, ಅಂದರೆ ನ್ಯಾಸ್‌ನಿಂದ ಸುದ್ದಿ ಪಡೆಯುವವನಾಗಿ, ಓಡುತ್ತದೆ. ಎನ್‌ಯುಟಿಯಲ್ಲಿ ಮೊದಲನೆಯವನು ಉಳಿದವರಿಗಾಗಿ ಕಾಯುವ ‘ಹೋಸ್ಟ್‌ಸಿಂಕ್’ ಸಹಜವಾಗಿ 15 ಸೆಕೆಂಡ್. ಸರ್ವಿಸ್ ನಿಲ್ಲಲು ಅದಕ್ಕಿಂತ ಹೆಚ್ಚು ಬೇಕಿದ್ದರೆ ಸರ್ವರ್‌ಗೆ ಆಫ್ ಆಗುವ ಸೂಚನೆಯನ್ನು ಬ್ಯಾಟರಿ ಇನ್ನೂ ಉಳಿದಿರುವಾಗಲೇ ಕೊಡಬೇಕು.

ಪರೀಕ್ಷೆ

ಎಫ್‌ಎಸ್‌ಟ್ಯಾಬ್ ಬದಲಿಸಿದ ಮೇಲೆ ‘ಡೀಮನ್-ರೀಲೋಡ್’ ಕೊಡದೆ ಪರೀಕ್ಷಿಸಿದರೆ ಹಳೆಯ ಮೌಂಟ್ ಯುನಿಟ್ ಅನ್ನೇ ಪರೀಕ್ಷಿಸಿದಂತೆ. ‘ಮೌಂಟ್ -ಎ’ ನಡೆಯಿತು ಎಂಬುದು ಬೂಟ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಾಡಬೇಕಾದ ಪರೀಕ್ಷೆ ಕರೆಂಟ್‌ನದ್ದೇ: ಸಂಜೆ ಎಲ್ಲರೂ ಹೋದಮೇಲೆ ಮೂರನ್ನೂ ಸರಿಯಾಗಿ ಆಫ್ ಮಾಡಿ, ಮೇನ್ ಸ್ವಿಚ್‌ನಿಂದ ಒಟ್ಟಿಗೆ ಆನ್ ಮಾಡುವುದು. ಆಮೇಲೆ ನ್ಯಾಸ್ ಆಫ್ ಇಟ್ಟು ಸರ್ವರ್ ಮಾತ್ರ ಎಬ್ಬಿಸಿ, ಇಪ್ಪತ್ತು ನಿಮಿಷದ ಮೇಲೆ ನ್ಯಾಸ್ ಆನ್ ಮಾಡುವುದು. ಕೊನೆಗೆ ಎರಡೂ ಓಡುತ್ತಿರುವಾಗ ಫೈರ್‌ವಾಲ್‌ನಲ್ಲಿ ಎನ್‌ಎಫ್‌ಎಸ್‌ನ 2049 ಪೋರ್ಟ್ ಮುಚ್ಚಿ, ತೆರೆಯುವುದು. ಎರಡನೇ ಪರೀಕ್ಷೆಯಲ್ಲಿ ‘ಸಿಸ್ಟಮ್‌ಸಿಟಿಎಲ್ ಶೋ -ಪಿ ಎನ್‌ರೀಸ್ಟಾರ್ಟ್ಸ್’ ಕೊಟ್ಟರೆ ಎಷ್ಟು ಸಲ ಯತ್ನಿಸಿದೆ ಎಂದು ತಿಳಿಯುತ್ತದೆ.

ಹೀಗೆ ಯತ್ನಿಸುತ್ತಿರುವ ಸರ್ವಿಸ್‌ನ ಸ್ಥಿತಿ ‘ಆಕ್ಟಿವೇಟಿಂಗ್, ಆಟೋ-ರೀಸ್ಟಾರ್ಟ್’. ಅದು ‘ಫೇಲ್ಡ್’ ಅಲ್ಲ, ಆದ್ದರಿಂದ ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ಪಟ್ಟಿಯಲ್ಲಿ ಮೌಂಟ್ ಕಂಡೀತು, ಸರ್ವಿಸ್ ಕಾಣದು. ನ್ಯಾಸ್ ಪೂರ್ತಿ ಸತ್ತಿದ್ದರೆ ಸರ್ವಿಸ್ ದಿನಗಟ್ಟಲೆ ಹೀಗೇ ತಟ್ಟುತ್ತಾ ಇರುತ್ತದೆ, ಸೋಲುಗಳನ್ನು ಮಾತ್ರ ಎಣಿಸುವ ಎಚ್ಚರಿಕೆ ವ್ಯವಸ್ಥೆಗೆ ಅದರ ಸುಳಿವೇ ಸಿಗುವುದಿಲ್ಲ. ಅದಕ್ಕೆ ಐದು ನಿಮಿಷಕ್ಕೊಮ್ಮೆ ‘ಈಸ್-ಆಕ್ಟಿವ್’ ಕೇಳುವ ಒಂದು ಟೈಮರ್ ಇಟ್ಟಿದ್ದೇವೆ. ಉತ್ತರ ಸತತ ಮೂರು ಸಲ ‘ಆಕ್ಟಿವ್’ ಬಾರದಿದ್ದರೆ ಕಚೇರಿಯ ಉಸ್ತುವಾರಿಯವರಿಗೂ ನಮಗೂ ಮೆಸೇಜ್ ಹೋಗುತ್ತದೆ. ಮೂರು ಸಲ ಎಂದು ಇಟ್ಟಿರುವುದು ನ್ಯಾಸ್ ಏಳಲು ಬೇಕಾದ ನಾಲ್ಕೈದು ನಿಮಿಷ, ಅದರ ಮೇಲೆ ರಿಯಾಯಿತಿ ಅವಧಿಯ 90 ಸೆಕೆಂಡ್ ಎರಡೂ ಅದರೊಳಗೆ ಕಳೆದುಹೋಗಲಿ ಎಂದು.